ಮೊದಲ ಮುಡಿ

ಗಂಡ ಹೆಂಡತಿ ಬೇರೆಯಾದಾಗ ಮಗಳನ್ನು ಹೇಗೋ ಹಂಚಿಕೊಂಡರು: ವಾರವೆಲ್ಲ ಅಮ್ಮನ ಮನೆ, ಭಾನುವಾರ ಅಪ್ಪನ ಮನೆ. ಹಂಚಲಾಗದೆ ಉಳಿದದ್ದು ಕತ್ತರಿ ಸೋಕದ ಅವಳ ಮೊದಲ ಮುಡಿ. ತವರಿನ ಅಮ್ಮನವರಿಗೆಂದು ಪುಟ್ಟತಾಯಿ ಹರಕೆ ಹೊತ್ತಿದ್ದಳು. ತನ್ನ ಮನೆದೇವರಿಗೆಂದು ಅವನೂ ಹೊತ್ತಿದ್ದ.

ಆ ಭಾನುವಾರ ಸಂಜೆ ಮಗಳು ಕಿವಿ ಮುಚ್ಚುವಷ್ಟು ದೊಡ್ಡ ಟೋಪಿ ಹಾಕಿಕೊಂಡು, ಅಪ್ಪನ ಮನೆದೇವರ ಪ್ರಸಾದ ಹಿಡಿದು ಬಂದಳು. ಹಿಂದೆಯೇ ಬಂದ ಅವನನ್ನು ಪುಟ್ಟತಾಯಿ ಬಾಗಿಲಲ್ಲೇ ತಡೆದಳು.

"ಮಗಳ ತಲೆ ಬೋಳಿಸ್ಕೊಂಡು ಬಂದ್ಯಾ ಪುಣ್ಯಾತ್ಮ! ನಮ್ಮಮ್ಮನೋರಿಗೆ ನಾನಿನ್ನೇನು ಕೊಡ್ಲಿ?"

"ದೇವ್ರನ್ನ ಕೇಳೇ ಮಾಡಿದ್ದು ಕಣೇ. ಬಲಗಡೆ ಹೂ ಕೊಟ್ಟ."

"ನಿನ್ ದೇವ್ರು ನಿನ್ನ ಹಾಗೇ!"

ಮಗಳು ಕಿಸಕ್ಕನೆ ನಕ್ಕು ಟೋಪಿ ಎಳೆದಳು; ಗುಂಗುರು ಕೂದಲು ಬೆನ್ನತುಂಬ ಚೆಲ್ಲಿತು.

"ಅಪ್ಪಾ, ಈಗ ನೀನು!"

ಅವನು ನಾಚುತ್ತ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿದ. ನುಣ್ಣಗೆ ಬೋಳಿಸಿದ ತಲೆಗೆ ಗಂಧ ಬಳಿದಿತ್ತು.