ಯಾರ ಹೆಸರಿಗೆ ಅರ್ಚನೆ

"ಯಾರ ಹೆಸರಿಗೆ?" ಎಂದು ಕುರುಡುಮಲೆ ಗಣಪನ ಅರ್ಚಕರು ಕೇಳಿದಾಗ, ವೇಣು ಚಿತ್ರಕಥೆಯ ಕಟ್ಟನ್ನು ಮುಖಪುಟ ಕಾಣದಂತೆ ಎದೆಗೆ ಒತ್ತಿಕೊಂಡ. ಪಕ್ಕದಲ್ಲಿದ್ದ ಮುನಿಕೃಷ್ಣ ತಡಮಾಡಲಿಲ್ಲ. "ಮೊದ್ಲು ಇವನ ಹೆಸ್ರಿಗೆ ಮಾಡಿ ಸ್ವಾಮಿ. ವೇಣು ಅಂತ. ಪುಬ್ಬ ನಕ್ಷತ್ರ, ಸಿಂಹ ರಾಶಿ."

ಹೆಸರಾಗಲಿ ಲಾಭವಾಗಲಿ ಸಮಪಾಲು ಎಂದು ಮಾತಾಡಿಕೊಂಡೇ ಇಬ್ಬರೂ ಮೂರು ವರ್ಷ ಕೂತು ಬರೆದ ಸಿನಿಮಾ ಅದು. ಮುನಿಕೃಷ್ಣ ತನ್ನ ಬೈರಕೂರಿನ ತೆಲುಗು ಬೆರೆತ ಕನ್ನಡದಲ್ಲಿ ಒಂದೊಂದು ಪಾತ್ರವೂ ತಾನೇ ಆಗಿ ಮಾತಾಡುತ್ತಿದ್ದ, ವೇಣು ಬರೆದುಕೊಳ್ಳುತ್ತಿದ್ದ. ನಿನ್ನೆ ಟೈಪ್ ಮಾಡಿಸುವಾಗ ಮಾತ್ರ ಅವನು ಮುಖಪುಟಕ್ಕೆ 'ಕಥೆ, ಸಂಭಾಷಣೆ: ವೇಣು' ಎಂದಷ್ಟೇ ಹಾಕಿಸಿದ್ದ.

ಅರ್ಚಕರು ಕಟ್ಟನ್ನು ಈಸಿಕೊಂಡು, ಮುಖಪುಟಕ್ಕೆ ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟರು. ಮುನಿಕೃಷ್ಣ ಬಗ್ಗಿ ಓದಿದ. ಮುಗಿದ ಕೈ ಬಿಡಲಿಲ್ಲ.

"ಅದೊಂದೇ ಹೆಸ್ರು ಸಾಕು ಸ್ವಾಮಿ," ಎಂದ ಮೆಲ್ಲಗೆ.

ವೇಣುವಿನ ಕಿವಿ ಕಾದು ಹೋಯಿತು. "ಇಲ್ಲ ಸ್ವಾಮಿ, ಇನ್ನೊಂದಿದೆ. ಮುನಿಕೃಷ್ಣ ಅಂತ."

"ನಕ್ಷತ್ರ?"

ವೇಣು ಮುನಿಕೃಷ್ಣನ ಕಡೆ ತಿರುಗಿದ. ಮೂರು ವರ್ಷದಲ್ಲಿ ಅದನ್ನು ತಾನು ಒಮ್ಮೆಯೂ ಕೇಳಿರಲಿಲ್ಲ.