ಒಳ್ಳೆಯ ಮನೆ

ಆ ಬೆಳಿಗ್ಗೆ ಮಾಲಿನಿ ಮೂರನೆಯ ಬೆಕ್ಕಿನಮರಿಯನ್ನೂ ತನ್ನ ಗೇಟಿನ ಪಕ್ಕದ ನಂದಿಬಟ್ಟಲು ಗಿಡದ ಬುಡದಲ್ಲಿ ಮಣ್ಣು ಮಾಡಿದಳು. ಮನೆಯೊಳಗೆ ಇನ್ನೂ ಹತ್ತೊಂಬತ್ತು ಅನಾಥ ಬೆಕ್ಕುಗಳಿದ್ದವು, ಇನ್ನೊಂದಕ್ಕೆ ಜಾಗವಿರಲಿಲ್ಲ. ಕೈ ತೊಳೆದು, ಬುಟ್ಟಿ ಹಿಡಿದು, ನಾಲ್ಕು ಬೀದಿ ಆಚೆಯ ಅಪರಿಚಿತ ಮನೆಯೊಂದರ ಬಾಗಿಲು ತಟ್ಟಿದಳು. ಆ ಮನೆಯ ಹೆಣ್ಣುಬೆಕ್ಕು ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿತ್ತು.

“ಆಂಟಿ, ಇದಕ್ಕೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸ್ತೀನಿ. ನಾನೇ ವಾಪಸ್ ತಂದುಬಿಡ್ತೀನಿ,” ಎಂದು ಹೊಸ್ತಿಲನ್ನು ನೋಡುತ್ತಲೇ ಹೇಳಿದಳು.

ಮನೆಯೊಡತಿ ನಕ್ಕರು. “ಅಯ್ಯೋ, ಹೆಣ್ಣಾಗಿ ನೀನೇ ಹೀಗಂತೀಯಲ್ಲೇ! ಬಾಯಿಲ್ಲದ ಜೀವ, ಅದಕ್ಕೆ ತಾಯ್ತನ ಬೇಡ್ವಾ?”

“ಮರಿಗಳು ಸಾಯ್ತವೆ, ಆಂಟಿ.”

“ನಮ್ಮವು ಒಂದೂ ಸತ್ತಿಲ್ಲಮ್ಮ. ವರ್ಷಕ್ಕೆ ಮೂರು ಸಲ ಹಾಕತ್ತೆ, ಎಲ್ಲವೂ ಒಂದೇ ಒಳ್ಳೆ ಮನೆ ಸೇರಿವೆ.”

ಮಾಲಿನಿ ಮೊದಲ ಸಲ ತಲೆಯೆತ್ತಿದಳು. “ಎಲ್ಲಿದೆ ಆಂಟಿ ಆ ಮನೆ? ನನ್ನ ಹತ್ರಾನೂ ಮರಿಗಳಿವೆ.”

“ನಾನು ನೋಡಿಲ್ಲ. ನಮ್ಮೆಜಮಾನ್ರು ವಾಕಿಂಗ್ ಹೋಗ್ತಾ ರಟ್ಟಿನ ಡಬ್ಬದಲ್ಲಿ ಇಟ್ಟು ಬರ್ತಾರೆ. ಯಾರೋ ಪುಣ್ಯಾತ್ಗಿತ್ತಿ, ಒಂದ್ಸಲಾನೂ ಬೇಡ ಅಂದಿಲ್ಲ. ಗೇಟಿನ ಪಕ್ಕ ನಂದಿಬಟ್ಟಲು ಗಿಡ ಇದೆಯಂತೆ, ಅದರ ಬುಡದಲ್ಲೇ.”