ಅಟ್ಟದಿಂದ ಇಳಿದ ತೋರಣ

ಒಣಕೊಬ್ಬರಿಯ ವಾಸನೆ ಬಂದರೆ ನನಗೆ ಈಗಲೂ ಅಕ್ಕನ ಬಾಗಿಲ ತೋರಣ ನೆನಪಾಗುತ್ತದೆ.

ಹಳೆ ರೇಷ್ಮೆ ಸೀರೆಯ ತುಂಡುಗಳಲ್ಲಿ ಅವಳು ಸಾಲು ಗಿಳಿಗಳನ್ನು ಹೊಲಿದಿದ್ದಳು. ನಾನು ಹೊಲಿದ ಟಿವಿ ಕವರು ಸೊಟ್ಟಗಿತ್ತು. "ಕೈ ಅಂದ್ರೆ ನಿಮ್ಮಕ್ಕಂದು ಕಣೇ," ಎನ್ನುತ್ತಿದ್ದಳು ಅಜ್ಜಿ.

ಒಂದು ಮಧ್ಯಾಹ್ನ ತೋರಣ ಬಿಚ್ಚಿ, ಅಟ್ಟ ಹತ್ತಿ, ಕೊಬ್ಬರಿಯಾಗಲೆಂದು ಹಾಕಿದ್ದ ಕಾಯಿರಾಶಿಯೊಳಗೆ ತುರುಕಿದೆ. ಅಕ್ಕ ಮನೆಯೆಲ್ಲ ಹುಡುಕಿದಳು. ನಾನೂ ಜೊತೆಗೆ ಹುಡುಕಿದೆ. ಕಾಯಿ ಇಳಿಸುವ ದಿನ ಬಂದೇ ಬರುತ್ತದೆಂದು ಹೊಳೆಯಲಿಲ್ಲ.

ವರ್ಷ ಕಳೆದು ಕಾಯಿ ಇಳಿಸುವಾಗ ಅಕ್ಕ ಮದುವೆಯಾಗಿ ಹೋಗಿದ್ದಳು. ತೋರಣ ಸಿಕ್ಕಿತು. ಇಲಿ ಗಿಳಿಗಳ ತಲೆಯನ್ನೆಲ್ಲ ಕಡಿದಿತ್ತು. ಅಜ್ಜಿ ನನ್ನನ್ನೇ ನೋಡಿದಳು. "ತಲೆ ನೀನೇ ಹೊಲ್ದು ಕಟ್ಟು," ಎಂದಳು.

ಬೆರಳು ಚುಚ್ಚಿಕೊಂಡು ಒಂದೊಂದೇ ತಲೆ ಹೊಲಿದು ಕಟ್ಟಿದೆ. ಬಂದ ನೆಂಟರು ನಿಂತು ನೋಡಿ, "ಎಷ್ಟ್ ಚೆನ್ನಾಗೈತೆ! ಯಾರು ಹೊಲ್ದಿದ್ದು?" ಎಂದರು.

ಅಜ್ಜಿ ಹೇಳಿದಳು: "ನಮ್ಮ ದೊಡ್ಡವಳು ಕಣ್ರೀ."